ಡಿಪ್ಲೊಮಾ ಕಲಿತ ರೈತರ ಮಕ್ಕಳಿಗೂ ಘಟಿಕೋತ್ಸವ ಬೇಕೆ?

ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ಘಟಿಕೋತ್ಸವದ ಸುದ್ದಿಯನ್ನು ರೈತ ಬಾಂಧವರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ಕುಲಾಧಿಪತಿಗಳಾದ ರಾಜ್ಯಪಾಲರು ಬರುತ್ತಾರೆ. ನಿಲುವಂಗಿ ತೊಟ್ಟವರ ಮೆರವಣಿಗೆ ಸಾಗುತ್ತದೆ. ಚಿನ್ನದ ಪದಕ ಪಡೆದ ಹುಡುಗ ಹುಡುಗಿಯರ ಚಿತ್ರ ಮರುದಿನ ಮುಖಪುಟದಲ್ಲಿ ಬರುತ್ತದೆ. ಈ ವೇದಿಕೆ ಪ್ರಧಾನವಾಗಿ ಪದವೀಧರರದು. ಬಿ.ಎಸ್ಸಿ., ಎಂ.ಎಸ್ಸಿ., ಪಿಎಚ್.ಡಿ. ಮಾಡಿದವರ ಹಬ್ಬ ಅದು. ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ವರ್ಷ ಕೃಷಿ ಡಿಪ್ಲೊಮಾ ಓದಿ, ಕೆಸರಿನಲ್ಲಿ ನಿಂತು ಪಾಠ ಕಲಿತ ಹುಡುಗನಿಗೆ ಯಾವ ಹಬ್ಬ? ಅವನ ಪ್ರಮಾಣಪತ್ರ ಹೆಚ್ಚಾಗಿ ಕಚೇರಿಯ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಕೈಗೆ ಬರುವ ಕಾಗದವಾಗಿಯೇ ಉಳಿಯುತ್ತದೆ.

ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಹಳ್ಳಿಯಲ್ಲಿ ಉಳಿದು ಹೊಲದ ಅಂಚಿನಲ್ಲಿ ನಿಂತು ಸಲಹೆ ಹೇಳುವವನು ಈ ಡಿಪ್ಲೊಮಾದವನೇ. ಅವನ ಮಾತಿಗೆ ಊರಿನಲ್ಲಿ ಎಷ್ಟು ಬೆಲೆ ಬರುತ್ತದೆ ಎಂಬುದು ನಮ್ಮ ಬೆಳೆಗೂ ನಮ್ಮ ಕಿಸೆಗೂ ಸಂಬಂಧಿಸಿದ ಪ್ರಶ್ನೆ.

ಕಾಗದದ ಬೆಲೆ ಬಲ್ಲ ಊರು

ಸಿಂಧನೂರು ಸೀಮೆಯಲ್ಲಿ ಕ್ಯಾಂಪುಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಇಲ್ಲಿ ನೆಲೆ ನಿಂತರು. ಅವುಗಳಲ್ಲಿ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಇವು ಪುನರ್ವಸತಿ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ನದಿ ಮುಖಜ ಭೂಮಿಯ ಭತ್ತ ಬಲ್ಲ ಆ ಜನ ಇಲ್ಲಿಯ ಎರೆಮಣ್ಣಿನಲ್ಲಿ ಭತ್ತ ಬೆಳೆಯುವುದನ್ನು ಹೊಸದಾಗಿ ಕಲಿತರು. ಮಕ್ಕಳು ಮನೆಯಲ್ಲಿ ಬಂಗಾಳಿ ಆಡುತ್ತಾ ಶಾಲೆಯಲ್ಲಿ ಕನ್ನಡ ಓದಿದರು.

ಕಾಗದದ ಬೆಲೆ ಏನೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಮೀನಿಗೆ ಕಾಗದ, ಜಾತಿಗೆ ಕಾಗದ, ಪೌರತ್ವಕ್ಕೆ ಕಾಗದ ಎಂದು ಅವರ ಹಿರಿಯರು ಕಚೇರಿ ಅಲೆದು ಚಪ್ಪಲಿ ಸವೆಸಿದ್ದಾರೆ. ಪೌರತ್ವ ತಿದ್ದುಪಡಿ ಕಾಯಿದೆಯ ಕೆಳಗೆ ಇಲ್ಲಿಯ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿದ್ದು 2024ರಲ್ಲಿ. ಇಂತಹ ಊರಿನ ಒಂದು ಮನೆಯಿಂದ ಮೊದಲ ಬಾರಿಗೆ ಒಬ್ಬ ಮಗಳು ಕೃಷಿ ಡಿಪ್ಲೊಮಾ ಮುಗಿಸಿದಳೆಂದು ಇಟ್ಟುಕೊಳ್ಳಿ. ಆ ಕಾಗದ ಅಂಚೆಯಲ್ಲಿ ಬರುವುದಕ್ಕೂ, ತಂದೆ ತಾಯಿ ಎದುರಿಗೆ ಕುಳಿತಿರುವಾಗ ಹೆಸರು ಕೂಗಿ ಕೊಡುವುದಕ್ಕೂ ಅಂತರವಿಲ್ಲವೆ?

ಮೊದಲು ಬಂದದ್ದು ಡಿಪ್ಲೊಮಾ

ಡಿಪ್ಲೊಮಾ ಎಂದರೆ ಪದವಿಗಿಂತ ಕೆಳಗಿನದು, ಅದಕ್ಕೆ ಸಮಾರಂಭವೇಕೆ ಎಂದು ಕೇಳುವವರಿದ್ದಾರೆ. ಅಂಥವರು ನಮ್ಮ ನಾಡಿನ ಕೃಷಿ ಶಿಕ್ಷಣದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ಕೃಷಿ ಶಿಕ್ಷಣಕ್ಕೆ ಬುನಾದಿ ಬಿದ್ದದ್ದು ಪದವಿಯಿಂದ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು. ಕೆನಡಾ ದೇಶದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಕಾಲ ಅದು. ಅಲ್ಲಿ ಕಲಿತವರಿಗೆ ಸಿಗುತ್ತಿದ್ದುದು ಎಲ್.ಎಜಿ., ಅಂದರೆ ಕೃಷಿಯಲ್ಲಿ ಲೈಸೆನ್ಷಿಯೇಟ್. ಇದೊಂದು ಬಗೆಯ ಡಿಪ್ಲೊಮಾ. ಹೆಬ್ಬಾಳದಲ್ಲಿ ಪದವಿ ಕಾಲೇಜು ಆದದ್ದು 1946ರಲ್ಲಿ, ಧಾರವಾಡದಲ್ಲಿ 1947ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ, ನಮ್ಮ ರಾಯಚೂರಿನದು ಅದಾದ ಎರಡು ದಶಕಗಳ ಮೇಲೆ ಬಂದವು. ಅಣ್ಣ ಹುಟ್ಟಿದ್ದು ಮೊದಲು. ತಮ್ಮ ದೊಡ್ಡವನಾದ ಮೇಲೆ ಅಣ್ಣನನ್ನು ಪಂಕ್ತಿಯಿಂದ ಎಬ್ಬಿಸುವುದು ಸರಿಯೆ?

ಈಚಿನ ವರ್ಷಗಳಲ್ಲಿ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡ ಮಾಧ್ಯಮದಲ್ಲಿ ತೆರೆದವು. ಇಂಗ್ಲಿಷಿಗೆ ಹೆದರಿ ಓದು ಬಿಡುತ್ತಿದ್ದ ಹಳ್ಳಿಯ ಮಕ್ಕಳಿಗೆ ಇದೊಂದು ಬಾಗಿಲು. ಮಣ್ಣು, ಬೀಜ, ಕೀಟ, ರೋಗ, ಪಶುಪಾಲನೆ ಎಲ್ಲವನ್ನೂ ತಾಯ್ನುಡಿಯಲ್ಲೋ ಶಾಲೆಯ ನುಡಿಯಲ್ಲೋ ಕಲಿಯಲು ಅವಕಾಶವಾಯಿತು.

ಘಟಿಕೆ ಎಂಬ ಮಾತು

‘ಘಟಿಕೋತ್ಸವ’ ಎಂಬ ಶಬ್ದದ ಮೂಲವನ್ನೂ ಇಲ್ಲಿ ನೆನೆಯಬೇಕು. ಘಟಿಕೆ ಅಥವಾ ಘಟಿಕಾಸ್ಥಾನ ಎಂದರೆ ಹಿಂದಿನ ಕಾಲದ ವಿದ್ಯಾಕೇಂದ್ರ. ಕದಂಬರ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗಿದ್ದನೆಂದು ತಾಳಗುಂದದ ಶಾಸನ ಹೇಳುತ್ತದೆ. ನಮ್ಮ ಭಾಗದಲ್ಲೇ, ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ, 11ನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿ ಪಾಠ ಹೇಳುವವರಷ್ಟೇ ಅಲ್ಲ, ಪುಸ್ತಕ ಭಂಡಾರ ಕಾಯುವ ಸರಸ್ವತೀ ಭಂಡಾರಿಗರೂ ಇದ್ದರು. ಘಟಿಕೆಯ ಉತ್ಸವವೆಂದರೆ ಕಲಿತು ಮುಗಿಸಿದವರ ಉತ್ಸವ. ಇಂಥದೇ ಕಲಿತಿರಬೇಕು, ಇಷ್ಟೇ ವರ್ಷ ಓದಿರಬೇಕು ಎಂಬ ಕಟ್ಟು ಆ ಮಾತಿನಲ್ಲಿ ಇಲ್ಲ.

ಹಾಗಾದರೆ ಭೇದ ಬಂದದ್ದು ಎಲ್ಲಿಂದ? ಬಹುಮಟ್ಟಿಗೆ ಕಾಯಿದೆಯಿಂದ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ 22ನೆಯ ಕಲಮಿನಂತೆ ಪದವಿ ಕೊಡುವ ಹಕ್ಕು ವಿಶ್ವವಿದ್ಯಾನಿಲಯಗಳಿಗೆ ಮತ್ತು ಕಾಯಿದೆ ಒಪ್ಪಿದ ಸಂಸ್ಥೆಗಳಿಗೆ ಮಾತ್ರ. ಯಾರು ಬೇಕಾದರೂ ಪದವಿ ಹಂಚಿ ಜನರಿಗೆ ಮೋಸ ಮಾಡಬಾರದೆಂದು ಈ ಕಟ್ಟು. ಡಿಪ್ಲೊಮಾ ಈ ಕಲಮಿನ ಒಳಗೆ ಬರುವುದಿಲ್ಲ. ಆದ್ದರಿಂದಲೇ ಪಾಲಿಟೆಕ್ನಿಕ್ಕುಗಳ ಡಿಪ್ಲೊಮಾವನ್ನು ತಾಂತ್ರಿಕ ಶಿಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ಆದರೆ ಕಾಯಿದೆ ಪದವಿಗೆ ಬೇಲಿ ಹಾಕಿದೆಯೇ ಹೊರತು ಡಿಪ್ಲೊಮಾದವರಿಗೆ ಸಮಾರಂಭ ಮಾಡಬಾರದೆಂದು ಎಲ್ಲಿಯೂ ಹೇಳಿಲ್ಲ.

ಬೇಡ ಎನ್ನುವವರ ವಾದ

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳೋಣ. ಮೊದಲನೆಯದು ಖರ್ಚು. ಶಾಮಿಯಾನ, ಊಟ, ಅತಿಥಿಗಳ ಓಡಾಟ, ನಿಲುವಂಗಿ ಎಲ್ಲಕ್ಕೂ ಹಣ ಬೇಕು. ಅದನ್ನು ಕೊನೆಗೆ ವಿದ್ಯಾರ್ಥಿಯ ತಲೆಯ ಮೇಲೆ ಶುಲ್ಕವಾಗಿ ಹೇರಿದರೆ, ಕೂಲಿ ಮಾಡಿ ಓದಿಸಿದ ಮನೆಗೆ ಅದೊಂದು ಹೊರೆ. ಸಿಂಧನೂರಿನಿಂದ ರಾಯಚೂರಿಗೆ ಎಂಬತ್ತು ತೊಂಬತ್ತು ಕಿಲೋಮೀಟರು. ತಂದೆ ತಾಯಿ ಇಬ್ಬರೂ ಹೋದರೆ ಬಸ್ಸಿನ ಚಾರ್ಜೂ ಹೋಯಿತು, ಎರಡಾಳಿನ ಕೂಲಿಯೂ ಹೋಯಿತು.

ಎರಡನೆಯದು ಹೆಚ್ಚು ತೂಕದ ವಾದ. ‘ಸಮಾರಂಭದಿಂದ ಹೊಟ್ಟೆ ತುಂಬುತ್ತದೇನ್ರೀ? ಮೊದಲು ನೌಕರಿ ಕೊಡ್ರಿ’ ಎನ್ನುತ್ತಾರೆ. ಡಿಪ್ಲೊಮಾ ಮುಗಿಸಿದವರಿಗೆ ಇಲಾಖೆಯಲ್ಲಿ ಯಾವ ಜಾಗ, ಮುಂದೆ ಪದವಿ ಓದಲು ಯಾವ ದಾರಿ ಎಂಬುದು ಸ್ಪಷ್ಟವಿಲ್ಲದೆ ಹಾರ ಹಾಕಿ ಕಳಿಸಿದರೆ ಅದು ಕಣ್ಣೊರೆಸುವ ಮಾತು ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಗೌರವ ನೌಕರಿಗೆ ಬದಲಿಯಲ್ಲ. ಆದರೆ ನೌಕರಿ ಬರುವವರೆಗೆ ಗೌರವವೂ ಬೇಡವೆಂದರೆ ಎರಡೂ ಇಲ್ಲದಂತಾಗುತ್ತದೆ. ಪದವೀಧರರಿಗೂ ಎಲ್ಲರಿಗೂ ನೌಕರಿ ಸಿಕ್ಕ ಮೇಲೆ ಘಟಿಕೋತ್ಸವ ಮಾಡುತ್ತಾರೆಯೆ? ಇಲ್ಲವಲ್ಲ.

ಮೂರನೆಯದು, ಎಲ್ಲರಿಗೂ ಉತ್ಸವವಾದರೆ ಪದವಿಯ ಬೆಲೆ ಕುಗ್ಗುತ್ತದೆ ಎಂಬ ಮಾತು. ಇದನ್ನು ಒಪ್ಪುವುದು ಕಷ್ಟ. ನೆರೆಯವನ ಹೊಲಕ್ಕೆ ನೀರು ಹಾಯ್ದರೆ ನಮ್ಮ ಹೊಲದ ಫಲವತ್ತತೆ ಕಡಿಮೆಯಾಗುವುದಿಲ್ಲ. ಪದವಿಗೂ ಡಿಪ್ಲೊಮಾಕ್ಕೂ ಇರುವ ವ್ಯತ್ಯಾಸ ಕಾಗದದಲ್ಲಿ ಬರೆದಿರುತ್ತದೆ. ಅದನ್ನು ಕುರ್ಚಿಯಲ್ಲಿ ತೋರಿಸಬೇಕಾಗಿಲ್ಲ.

ಹೊರದೇಶದ ಒಂದು ಉದಾಹರಣೆ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ 1885ರಲ್ಲೇ ರೈತರ ಮಕ್ಕಳಿಗಾಗಿ ಅಲ್ಪಾವಧಿ ಕೃಷಿ ಶಿಕ್ಷಣ ಆರಂಭಿಸಿತು. ಸುಗ್ಗಿ ಮುಗಿದ ಮೇಲೆ, ಬಿತ್ತನೆಗೆ ಮೊದಲು, ಹಿಮ ಬೀಳುವ ತಿಂಗಳುಗಳಲ್ಲಿ ಪಾಠ. ಹೊಲಕ್ಕೆ ವಾಪಸು ಹೋಗುವವರಿಗೆಂದೇ ಆ ಶಿಕ್ಷಣ. ಹೊಲದ ಕೆಲಸದ ಕಾಲ ನೋಡಿ ಪಾಠದ ಕಾಲ ಗೊತ್ತುಮಾಡಿದ್ದು ಅದರ ಗುಣ. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ನಡೆಯಿತು. ಸಮಾರಂಭದ ಕಾಲವನ್ನೂ ಹಾಗೆಯೇ ಗೊತ್ತುಮಾಡಬಹುದು ಎಂಬುದು ನಮಗೆ ಪಾಠ.

ನಮ್ಮಲ್ಲಿಯೂ ಒಂದು ಉದಾಹರಣೆ ಇದೆ. ಗೊಬ್ಬರ, ಔಷಧಿ ಅಂಗಡಿಯವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಅದಕ್ಕೆ ‘ದೇಸಿ’ ಎಂದು ಹೆಸರು. ಅಂಗಡಿಯ ರಜೆಯ ದಿನ ವಾರಕ್ಕೊಮ್ಮೆ ಪಾಠ, ಒಟ್ಟು 48 ವಾರ. ಅದರಲ್ಲಿ 40 ದಿನ ತರಗತಿ, 8 ದಿನ ಹೊಲದ ಭೇಟಿ. ಕೆಲಸ ಬಿಡದೆ ಕಲಿಯಬಹುದೆಂದು ಅದು ತೋರಿಸಿಕೊಟ್ಟಿದೆ.

ಗೌರವ ಏಕೆ ಬೇಕು: ಹೊಲದ ಲೆಕ್ಕ

ಈಗ ನಮ್ಮ ಹೊಲಕ್ಕೆ ಬರೋಣ. ಎಡದಂಡೆ ಕಾಲುವೆಯ ಕೆಳಗೆ ನೀರು ನಿಂತು ಸವಳಾದ ಜಮೀನು ಎಷ್ಟೋ ಇದೆ. ಸವಳು ಕಂಡ ಕೂಡಲೇ ಜಿಪ್ಸಂ ಹಾಕುವ ರೂಢಿ ಬಿದ್ದಿದೆ. ಆದರೆ ಜಿಪ್ಸಂ ಬೇಕಾದದ್ದು ಕ್ಷಾರ ಮಣ್ಣಿಗೆ. ಅಂದರೆ ರಸಸಾರ 8.5 ದಾಟಿ ಸೋಡಿಯಂ ಹೆಚ್ಚಾದ ಮಣ್ಣಿಗೆ. ಬರೀ ಉಪ್ಪು ಸೇರಿದ ಮಣ್ಣಿಗೆ ಬೇಕಾದದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರು ನಿಲ್ಲಿಸಿ ಉಪ್ಪು ತೊಳೆಯುವುದು. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಸುರಿದರೆ ಹಣ ಮಣ್ಣುಪಾಲು.

ಭತ್ತದ ಕಂದು ಜಿಗಿಹುಳುವಿನ ಮಾತೂ ಅಷ್ಟೇ. ಹುಳು ಕಂಡಿತೆಂದು ಪೈರೆಥ್ರಾಯ್ಡ್ ಜಾತಿಯ ಔಷಧಿ ಹೊಡೆದರೆ ಅದನ್ನು ತಿನ್ನುವ ಜೇಡ ಮತ್ತಿತರ ಮಿತ್ರಜೀವಿಗಳು ಸತ್ತು ಜಿಗಿಹುಳು ಇಮ್ಮಡಿಯಾಗುತ್ತದೆ. ಗದ್ದೆಯ ನೀರು ಬಸಿಯುವುದು, ಎರಡು ಮೂರು ಮೀಟರಿಗೊಂದು ಗಾಳಿ ಬೆಳಕಿನ ಸಾಲು ಬಿಡುವುದು, ಯೂರಿಯಾ ಕೈ ಹಿಡಿದು ಹಾಕುವುದು ಮೊದಲ ಉಪಾಯ.

ಇದೆಲ್ಲ ಡಿಪ್ಲೊಮಾ ಓದಿದ ಹುಡುಗನಿಗೆ ಗೊತ್ತು. ಆದರೆ ‘ನಿನ್ನೆ ಮೊನ್ನೆ ಹುಟ್ಟಿದ ಹುಡುಗ, ಇವನೇನು ಹೇಳ್ತಾನ’ ಎಂದು ಊರವರು ಅಂಗಡಿಯವನ ಮಾತೇ ಕೇಳಿ ಇನ್ನೊಂದು ಡಬ್ಬಿ ಕೊಂಡು ತರುತ್ತಾರೆ. ಊರವರೆದುರು ವಿಶ್ವವಿದ್ಯಾನಿಲಯದವರೇ ಬಂದು ‘ಇವನು ಕಲಿತವನು, ಇವನ ಮಾತು ಕೇಳಿ’ ಎಂದು ಹೇಳಿದರೆ ಆ ಹುಡುಗನ ನಾಲಗೆಗೆ ಬಲ ಬರುತ್ತದೆ. ತಪ್ಪು ಸಲಹೆ ಕೊಟ್ಟರೆ ನಾಲ್ಕು ಜನ ಕೇಳುತ್ತಾರೆಂಬ ಅಂಜಿಕೆಯೂ ಅವನಿಗಿರುತ್ತದೆ. ಸಮಾರಂಭದ ನಿಜವಾದ ಲಾಭ ಇದು.

ಹೇಗೆ ಮಾಡಬೇಕು?

ದೊಡ್ಡ ಘಟಿಕೋತ್ಸವವನ್ನೇ ನಕಲು ಮಾಡಬೇಕಾಗಿಲ್ಲ. ಕಪ್ಪು ನಿಲುವಂಗಿಯಂತೂ ಬೇಡವೇ ಬೇಡ. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಅವರು, ಇದು ಪರಕೀಯರ ಕಾಲದ ಉಳಿಕೆ ಎಂದು ನಿಲುವಂಗಿಯನ್ನು ವೇದಿಕೆಯಲ್ಲೇ ಕಳಚಿದರು. ಸಮಾರಂಭದ ಉಡುಪು ಕೈಮಗ್ಗದ್ದಾಗಿರಲಿ ಎಂದು ಧನಸಹಾಯ ಆಯೋಗವೂ 2019ರಲ್ಲಿ ಸೂಚಿಸಿತು. ನಮ್ಮ ಮಕ್ಕಳಿಗೆ ಹೆಗಲ ಮೇಲೊಂದು ಕೈಮಗ್ಗದ ಶಲ್ಯ ಸಾಕು.

ವಿಶ್ವವಿದ್ಯಾನಿಲಯಗಳು ಈ ಕೆಲವು ಅಂಶಗಳನ್ನು ಯೋಚಿಸಬಹುದು:

ಒಂದು, ಸಮಾರಂಭ ಡಿಪ್ಲೊಮಾ ಶಾಲೆಯ ಅಂಗಳದಲ್ಲೇ ನಡೆಯಲಿ, ಅಥವಾ ರೈತರು ಸಾವಿರಗಟ್ಟಲೆ ಸೇರುವ ಕೃಷಿ ಮೇಳದ ವೇದಿಕೆಯಲ್ಲಿ ನಡೆಯಲಿ. ಆಗ ಬೇರೆ ಶಾಮಿಯಾನದ ಖರ್ಚಿಲ್ಲ.

ಎರಡು, ಶಾಲೆಯಲ್ಲಿ ಮಾಡುವುದಾದರೆ ಬೇಸಿಗೆ ಭತ್ತದ ಕಟಾವು ಮುಗಿದು ಕಾಲುವೆಗೆ ನೀರು ಬಿಡುವ ಮೊದಲಿನ ದಿನಗಳಲ್ಲಿ ಆಗಲಿ. ಆಗ ಯಾರ ಕೂಲಿಯೂ ಹೋಗುವುದಿಲ್ಲ, ಯಾರ ನಾಟಿಯೂ ನಿಲ್ಲುವುದಿಲ್ಲ.

ಮೂರು, ಇದಕ್ಕೆಂದು ವಿದ್ಯಾರ್ಥಿಯಿಂದ ಬಿಡಿಗಾಸೂ ವಸೂಲು ಮಾಡಬಾರದು. ಬರಲಾಗದವರ ಪ್ರಮಾಣಪತ್ರವನ್ನು ದಂಡವಿಲ್ಲದೆ ಮನೆಗೆ ಕಳಿಸಬೇಕು.

ನಾಲ್ಕು, ಅಂದೇ ಮೂಲ ಪ್ರಮಾಣಪತ್ರ ಮತ್ತು ಅಂಕಪಟ್ಟಿ ಎರಡೂ ಕೈಗೆ ಸಿಗಬೇಕು. ಖಾಲಿ ಕೊಳವೆ ಕೊಟ್ಟು ಚಿತ್ರ ತೆಗೆಸಿ, ಕಾಗದಕ್ಕೆ ಮತ್ತೆ ಅಲೆಸಬಾರದು.

ಐದು, ಮೊದಲ ಸಾಲಿನ ಕುರ್ಚಿಗಳು ತಂದೆ ತಾಯಿಗಳಿಗೆ. ಮಂತ್ರಿ ಮಹೋದಯರು ಎರಡನೆಯ ಸಾಲಿನಲ್ಲಿ ಕುಳಿತರೆ ಯಾರ ಮಾನವೂ ಹೋಗುವುದಿಲ್ಲ.

ಆರು, ಮಣ್ಣು ಪರೀಕ್ಷೆಯಿಲ್ಲದೆ ಗೊಬ್ಬರ ಹೇಳುವುದಿಲ್ಲ, ಬೇಡದ ಔಷಧಿ ಹೊಡೆಸುವುದಿಲ್ಲ ಎಂದು ಪ್ರತಿಯೊಬ್ಬರೂ ಎಲ್ಲರೆದುರು ಪ್ರತಿಜ್ಞೆ ಮಾಡಲಿ. ವೈದ್ಯರಿಗೆ ಪ್ರತಿಜ್ಞೆ ಇರುವಾಗ ಬೆಳೆಯ ವೈದ್ಯರಿಗೆ ಏಕಿರಬಾರದು?

ಓದುಗರು ಮಾಡಬಹುದಾದ್ದು

ವಿಶ್ವವಿದ್ಯಾನಿಲಯ ಮಾಡಲಿ ಎಂದು ಕಾಯುತ್ತಾ ಕೂರಬೇಕಾಗಿಲ್ಲ. ನಿಮ್ಮ ಊರಿನಲ್ಲಿ ಈ ವರ್ಷ ಕೃಷಿ, ತೋಟಗಾರಿಕೆ ಅಥವಾ ಬೇರೆ ಡಿಪ್ಲೊಮಾ ಮುಗಿಸಿದವರು ಯಾರಿದ್ದಾರೆಂದು ಪಟ್ಟಿ ಮಾಡಿರಿ. ಗ್ರಾಮ ಪಂಚಾಯತಿಯವರೂ ವಾಚನಾಲಯದವರೂ ಕೂಡಿ ಒಂದು ಸಂಜೆ ಅವರನ್ನು ಕರೆಯಿಸಿ ಸನ್ಮಾನ ಮಾಡಿರಿ. ಚಹಾ ಮತ್ತು ಮಂಡಾಳಿನ ಖರ್ಚಷ್ಟೇ. ಅಲ್ಲಿಯೇ ಅವರಿಂದ ಅರ್ಧ ಗಂಟೆ ಮಣ್ಣಿನ ಮಾದರಿ ತೆಗೆಯುವ ಕ್ರಮ ಹೇಳಿಸಿರಿ. ಅದರ ಜೊತೆಗೆ, ಡಿಪ್ಲೊಮಾದವರಿಗೂ ಸಮಾರಂಭ ಬೇಕೆಂದು, ಅವರ ಮುಂದಿನ ಓದಿಗೂ ಕೆಲಸಕ್ಕೂ ದಾರಿ ಗೊತ್ತುಮಾಡಬೇಕೆಂದು ಕುಲಪತಿಗಳಿಗೆ ಊರವರೆಲ್ಲ ಸಹಿ ಮಾಡಿದ ಒಂದು ಪತ್ರ ಬರೆಯಿರಿ. ಎರಡನ್ನೂ ಒಟ್ಟಿಗೇ ಕೇಳಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸಲು ಬಿಡಬಾರದು.