ಹೆಸರು ಮುಚ್ಚಿಟ್ಟ ಡ್ರಿಲ್ ಮೇಷ್ಟ್ರು

ಹೆಗ್ಗನಹಳ್ಳಿ ಕಡೆಯ ಗುಜರಿ ಅಂಗಡಿಗಳಲ್ಲಿ ಕಬ್ಬಿಣಕ್ಕೂ ಪುಸ್ತಕಕ್ಕೂ ತಕ್ಕಡಿ ಒಂದೇ. ರಟ್ಟು ಹೋಗಿ, ಮೊದಲ ಹಾಳೆಯೂ ಹೋದ ಕಾದಂಬರಿಯೊಂದು ಅಲ್ಲಿ ಕೈಗೆ ಸಿಕ್ಕಿತೆನ್ನಿ. ಬರೆದವರು ಯಾರು? ಅನಕೃ ಇರಬಹುದೇ, ತ್ರಿವೇಣಿಯೇ? ಧಾಟಿ ನೋಡಿ ಊಹಿಸುವುದೂ ಓದಿನ ಸುಖಗಳಲ್ಲೊಂದು. ಆದರೆ ಬರೆದವನೇ ತನ್ನ ಹೆಸರಿನ ಹಾಳೆಯನ್ನು ಕಿತ್ತುಹಾಕಿದರೆ?

ಉಡುಪಿಯಲ್ಲಿ ಹಾಗೆ ಮಾಡಿದ ಒಬ್ಬ ಮೇಷ್ಟ್ರಿದ್ದರು. ಮಕ್ಕಳಿಗೆ ವ್ಯಾಯಾಮ ಕಲಿಸುವುದು ಕಸುಬು. ಹೆಸರು ನಂದಳಿಕೆ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870ರಲ್ಲಿ. ಹಗಲು ಮೈದಾನದಲ್ಲಿ ಡ್ರಿಲ್ ಮಾಡಿಸುತ್ತಿದ್ದ ಈ ಬಡ ಮೇಷ್ಟ್ರು ಹಳಗನ್ನಡ ಗದ್ಯ ಬರೆದು, ಇದು ಹಿಂದಿನ ಕವಿಯ ಕೃತಿ ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಪತ್ರಿಕೆಗಳು ಹಳೆಯ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದವು. ‘ಅದ್ಭುತ ರಾಮಾಯಣ’, ‘ಶ್ರೀರಾಮಾಶ್ವಮೇಧ’ ಎರಡೂ ಹೀಗೆಯೇ ಬೆಳಕು ಕಂಡವು. ಕವಿಯ ಹೆಸರು ಮುದ್ದಣ. ಅದು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು!

ಏಕೆ ಈ ಕಳ್ಳಾಟ? ಹೊಸಬನ ಹಳಗನ್ನಡಕ್ಕೆ ಯಾರು ಬೆಲೆ ಕೊಟ್ಟಾರು ಎಂಬ ಅಳುಕೇ ಇರಬೇಕು. ಹಳತಾದರೆ ಪೂಜೆ, ಹೊಸತಾದರೆ ಪರೀಕ್ಷೆ. ನಮ್ಮ ಪಂಡಿತರ ಪದ್ಧತಿ ಅದು. ಮೋಸ ಪತ್ತೆ ಮಾಡಲು ಆಗ ಇಂಗಾಲ-14ರ ಕಾಲನಿರ್ಣಯ ಇರಲಿಲ್ಲ. ಅದು ಬಂದದ್ದು 1940ರ ದಶಕದ ಕೊನೆಗೆ. ಇದ್ದಿದ್ದರೂ ಅದು ತಾಳೆಗರಿಯ ವಯಸ್ಸು ಹೇಳೀತೇ ಹೊರತು ಮಾತಿನ ವಯಸ್ಸನ್ನಲ್ಲ. ನಿಜವಾದ ಸುಳಿವು ಪುಸ್ತಕದೊಳಗೇ ಇತ್ತು. ಕತೆ ಹೇಳುವ ಮುದ್ದಣ, ಕೇಳುವ ಹೆಂಡತಿ ಮನೋರಮೆ. ಅವಳು ನಡುವೆ ಬಾಯಿ ಹಾಕುತ್ತಾಳೆ, ಹಂಗಿಸುತ್ತಾಳೆ, ಪದ್ಯ ಬೇಡ ಗದ್ಯದಲ್ಲೇ ಹೇಳು ಎಂದು ಹಟ ಹಿಡಿಯುತ್ತಾಳೆ. ಮಳೆಗಾಲದ ಸಂಜೆ ಯಾವ ಮನೆಯಲ್ಲಾದರೂ ಕೇಳಬಹುದಾದ ಸರಸ ಅದು. ಮಾತಿನ ಉಡುಗೆ ಹಳತು, ಒಳಗಿನ ಮನುಷ್ಯರು ಮಾತ್ರ ಹತ್ತೊಂಬತ್ತನೆಯ ಶತಮಾನದವರು.

ಸರಿಸುಮಾರು ಅದೇ ಕಾಲಕ್ಕೆ ಉತ್ತರದಲ್ಲಿ ಇನ್ನೊಬ್ಬ ಮೇಷ್ಟ್ರು ತದ್ವಿರುದ್ಧ ದಾರಿ ಹಿಡಿದರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿ, ಅಂದರೆ ಗಳಗನಾಥರು. ಕಾದಂಬರಿ ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಓದುಗನ ಮುಖ ಅವರು ಮನೆಬಾಗಿಲಲ್ಲೇ ಕಂಡರು. 1942ರವರೆಗೆ ಬದುಕಿದ್ದರು.

ಮುದ್ದಣನಿಗೆ ಆ ಭಾಗ್ಯ ಇರಲಿಲ್ಲ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ವಯಸ್ಸಿಗೆ, ಕ್ಷಯ ಆತನನ್ನು ಕೊಂಡೊಯ್ದಿತು. ಆ ಹಳೆಯ ಕವಿ ಉಡುಪಿಯ ಡ್ರಿಲ್ ಮೇಷ್ಟ್ರೇ ಎಂದು ಕನ್ನಡಿಗರಿಗೆ ತಿಳಿದದ್ದು ಆಮೇಲೆ. ಮೆಚ್ಚಿದವರು ಮೆಚ್ಚಿಗೆ ಹೇಳಲು ಹುಡುಕಿದಾಗ ಮನುಷ್ಯನೇ ಇಲ್ಲ.

2017ರಲ್ಲಿ ಅಂಚೆ ಇಲಾಖೆ ಸಾಹಿತಿಗಳ ಮೇಲೆ ಅಂಚೆಚೀಟಿಗಳನ್ನು ತಂದಿತು. ಕುವೆಂಪು ಅವರ ಜೊತೆಗೆ ಅದರಲ್ಲಿ ಕವಿ ಮುದ್ದಣನೂ ಇದ್ದ, ಹೆಸರು ಸಮೇತ.