ನಿಮಗಿದು ಗೊತ್ತೇ? ಕೊಟ್ಟು ಕಿತ್ತುಕೊಂಡ ನಲವತ್ತು ಎಕರೆ

1865ರ ಜನವರಿ. ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತು. ಸವಾನಾ ಊರಿನಲ್ಲಿ ಉತ್ತರದ ಸೇನೆಯವರು 20 ಮಂದಿ ಕಪ್ಪು ಪಾದ್ರಿಗಳನ್ನು ಕರೆಸಿ ‘ನಿಮ್ಮವರಿಗೆ ಏನು ಬೇಕು?’ ಎಂದು ಕೇಳಿದರು. ಭೂಮಿ ಬೇಕು ಎಂದರು. ನಾಲ್ಕೇ ದಿನದಲ್ಲಿ ಜನರಲ್ ಶೆರ್ಮನ್ ಆದೇಶ ಹೊರಟಿತು: ಗುಲಾಮಗಿರಿಯಿಂದ ಬಿಡುಗಡೆಯಾದ ಪ್ರತಿ ಕುಟುಂಬಕ್ಕೆ 40 ಎಕರೆವರೆಗೆ. ಜೊತೆಗೊಂದು ಹೇಸರಗತ್ತೆ ಅಂತ ಜನ ಹೇಳುತ್ತಾರಲ್ಲ, ಅದರ ಸುದ್ದಿ ಆ ಆದೇಶದಲ್ಲಿ ಇಲ್ಲವೇ ಇಲ್ಲ! ವರ್ಷ ತಿರುಗುವುದರೊಳಗೆ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದ.

ಆದರೂ ಕಪ್ಪು ಜನ ದುಡಿದು ಭೂಮಿ ಕೊಂಡರು. 1920ರಲ್ಲಿ ಅಲ್ಲಿ ಕಪ್ಪು ರೈತರು 9 ಲಕ್ಷಕ್ಕೂ ಹೆಚ್ಚು. 2017ರ ಕೃಷಿ ಗಣತಿಯಲ್ಲಿ? 50 ಸಾವಿರವೂ ಇಲ್ಲ.

ಭೂಮಿ ಹೋಗಿದ್ದು ಬಂದೂಕಿನಿಂದ ಮಾತ್ರವಲ್ಲ, ಕಾಗದದಿಂದಲೂ. ತಾತ ಉಯಿಲು ಬರೆಯದೆ ಸತ್ತರೆ ಜಮೀನು ಎಲ್ಲ ವಾರಸುದಾರರಿಗೂ ಒಟ್ಟಾಗಿ ಸೇರುತ್ತದೆ. ಪೌತಿ ಖಾತೆಗೆ ಅಲೆದವರಿಗೆ ಈ ತಾಪತ್ರಯ ಬಿಡಿಸಿ ಹೇಳಬೇಕಿಲ್ಲ. ದೂರದೂರಿನ ಒಬ್ಬ ನೆಂಟನ ಪಾಲನ್ನು ಹೊರಗಿನವನು ಕೊಂಡು, ವಿಭಾಗ ಕೇಳಿ ಕೋರ್ಟಿಗೆ ಹೋದರೆ ಸಾಕು, ಇಡೀ ಜಮೀನು ಹರಾಜು! ಇದಕ್ಕೆ ತಡೆಯಾಗಿ 2010ರಲ್ಲಿ ಒಂದು ಮಾದರಿ ಕಾಯ್ದೆ ಬಂತು, ಕರಡು ಬರೆದವರಲ್ಲಿ ಮುಖ್ಯರು ಪ್ರೊಫೆಸರ್ ಥಾಮಸ್ ಮಿಚೆಲ್. ಕೇಸು ಹಾಕಿದವನ ಪಾಲನ್ನು ನ್ಯಾಯವಾದ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಈಗ ಉಳಿದ ಮನೆಯವರದು. 20ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿವೆ.

ಸಾಲ ಕೊಡುವಾಗ ಕೃಷಿ ಇಲಾಖೆ ಬಣ್ಣ ನೋಡಿತು ಎಂದು ರೈತ ತಿಮೋತಿ ಪಿಗ್‌ಫರ್ಡ್ ಮತ್ತಿತರರು ಹೂಡಿದ ಮೊಕದ್ದಮೆ 1999ರಲ್ಲಿ ರಾಜಿಯಾಯಿತು. ಬಹುಪಾಲು ಜನರ ಕೈಗೆ ಬಂದಿದ್ದು ತಲಾ 50,000 ಡಾಲರ್. ಒಂದು ಟ್ರ್ಯಾಕ್ಟರ್ ಬಂದೀತು, ಹೋದ ಹೊಲವಲ್ಲ.

2021ರಲ್ಲಿ ಕಪ್ಪು ಮತ್ತಿತರ ಅಲ್ಪಸಂಖ್ಯಾತ ರೈತರಿಗೆಂದು 400 ಕೋಟಿ ಡಾಲರಿನ ಸಾಲ ಮನ್ನಾ ಘೋಷಣೆಯಾಯಿತು. ಬಿಳಿಯ ರೈತರು ಕೋರ್ಟಿಗೆ ಹೋದರು, ತಡೆಯಾಜ್ಞೆ ಬಂತು, ಮರುವರ್ಷ ಯೋಜನೆಯೇ ರದ್ದು.

ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಎಂಬ ಕಪ್ಪು ದಂಪತಿಯ ಕಡಲತೀರದ ರೆಸಾರ್ಟ್ ಜಾಗವನ್ನು 1920ರ ದಶಕದಲ್ಲಿ ‘ಪಾರ್ಕ್ ಮಾಡುತ್ತೇವೆ’ ಎಂದು ಕಸಿದುಕೊಂಡ ಊರಾಡಳಿತ ದಶಕಗಳ ಕಾಲ ಅದನ್ನು ಹಾಗೇ ಬಿಟ್ಟಿತ್ತು. 2021ರ ವಿಶೇಷ ಕಾನೂನಿನ ಬಲದಿಂದ 2022ರಲ್ಲಿ ಜಾಗ ವಂಶಸ್ಥರಿಗೆ ಮರಳಿತು.

ಕಡೆಗೆ, ನಮಗೂ ನಂಟಿರುವ ಒಂದು. 1957ರಲ್ಲಿ ಮೈಸೂರು ಬಳಿಯ ಇಲವಾಲದಲ್ಲಿ ನೆಹರೂ ಸಹ ಕುಳಿತು ಚರ್ಚಿಸಿದ ವಿನೋಬಾರ ಗ್ರಾಮದಾನವಿದೆಯಲ್ಲ (ಊರಿನ ಜಮೀನು ಊರಿಗೇ ಸೇರಬೇಕೆಂಬ ಚಳವಳಿ), ಅದರಿಂದಲೂ ಪ್ರೇರಣೆ ಪಡೆದು ಜಾರ್ಜಿಯಾದ ಕಪ್ಪು ರೈತರು 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಾಮೂಹಿಕ ಒಡೆತನದ ಕೃಷಿ ಸಮುದಾಯ ಕಟ್ಟಿದರು. ಸುಮಾರು 5,700 ಎಕರೆ. ಬರಗಾಲದಲ್ಲಿ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ 1985ರಲ್ಲಿ ಎಲ್ಲವೂ ಕೈತಪ್ಪಿತು. ಪಿಗ್‌ಫರ್ಡ್ ರಾಜಿಯಡಿ 2009ರಲ್ಲಿ 1.2 ಕೋಟಿ ಡಾಲರ್ ಪರಿಹಾರ ಸಿಕ್ಕಾಗ ಅವರು ಕೊಂಡಿದ್ದೇನು ಗೊತ್ತೇ? ಹಿಂದೊಮ್ಮೆ ಗುಲಾಮರ ಒಡೆಯನೊಬ್ಬನದಾಗಿದ್ದ ತೋಟ, 1,638 ಎಕರೆ.