ನಿಮಗಿದು ಗೊತ್ತೆ? ಕಂಬಕ್ಕೂ ಬೇಕು ಹರಳೆಣ್ಣೆ!

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ, ಪಕ್ಕದ ಮೊಳಕಾಲ್ಮುರು ಸೀಮೆಯವರಿಗೆ ಹರಳೆಣ್ಣೆ ಹೊಸದಲ್ಲ. ಹತ್ತಿ ಕಸರತ್ತು ಮಾಡುವ ಮಲ್ಲಕಂಬಕ್ಕೆ ಹಚ್ಚುವುದೂ ಅದನ್ನೇ! ತೇಗ ಇಲ್ಲವೇ ಬೀಟೆ ಮರದ ಕಂಬಕ್ಕೆ ತೊಡೆ, ತೋಳು ಉಜ್ಜಿ ಚರ್ಮ ಸುಲಿಯದಿರಲೆಂದು ತೆಳುವಾಗಿ ಸವರುತ್ತಾರೆ. ಪೋಲ್ ಡಾನ್ಸ್‌ನ ಉಕ್ಕಿನ ಕಂಬದ ಲೆಕ್ಕ ತದ್ವಿರುದ್ಧ: ಅಲ್ಲಿ ಒಣ ಚರ್ಮದ ಹಿಡಿತವೇ ಆಧಾರ, ಮೈಗೆ ಎಣ್ಣೆ, ಕ್ರೀಮ್ ಹಚ್ಚಿ ಹತ್ತಿದರೆ ಜಾರುವುದು ಖಂಡಿತ. ಎರಡಕ್ಕೂ ಮೊದಲು ಬೇಕಾದದ್ದು ಭುಜ, ಮುಂಗೈ, ಹೊಟ್ಟೆಯ ಬಲ. ತಲೆಕೆಳಗಾಗುವ ಮುನ್ನ ಕೈಯಲ್ಲಿ ಜೋತುಬಿದ್ದು, ಹೆಗಲನ್ನು ಕಿವಿಯಿಂದ ಕೆಳಗೆಳೆದು ಹಿಡಿಯುವುದು ರೂಢಿಯಾಗಬೇಕು. ಬಲಗಡೆ ಕಲಿತದ್ದನ್ನು ಎಡಗಡೆಯೂ ಮಾಡಬೇಕು. ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ಗುರು ಇಲ್ಲದೆ ಹತ್ತಲೇಬಾರದು. ಅಂದಹಾಗೆ, ಕಲ್ಯಾಣ ಚಾಲುಕ್ಯರ ದೊರೆ 3ನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮಲ್ಲರ ಕಂಬದ ಕಸರತ್ತಿನ ಪ್ರಸ್ತಾಪವಿದೆ.